ತಪ್ಪೆಲ್ಲ ನನ್ನದೇ ಎನ್ನುವ ದೋಣಿ

ನಾಗರಿಕತೆಗಳ ಏಳುಬೀಳುಗಳನ್ನು ತಾಳ್ಮೆಯಿಂದ ಗಮನಿಸಿದವರಿಗೆ ಒಂದು ಸತ್ಯ ಹೊಳೆಯದೆ ಇರದು. ತನ್ನ ತಪ್ಪನ್ನು ತಾನೇ ಎದ್ದುನಿಂತು ಒಪ್ಪಿಕೊಳ್ಳುವ ಸಮುದಾಯ ಯಾವತ್ತಿದ್ದರೂ ಮುಂದೆ ಬರುತ್ತದೆ.

ನಮ್ಮ ದೋಣಿ ಕ್ಲಬ್ಬಿನಲ್ಲಿ ಪ್ರತಿ ಭಾನುವಾರ ಎಲ್ಲರೂ ಎದ್ದುನಿಂತು ತಪ್ಪೊಪ್ಪಿಕೊಳ್ಳುತ್ತೇವೆ. ನಾನು ಸೇರಿ ಆರು ವರ್ಷವಾಯಿತು. ಕಳೆದ ವರ್ಷದವರೆಗೆ ವರ್ಷಕ್ಕೊಂದರಂತೆ ಆರು ಸ್ಪರ್ಧೆಗಳಲ್ಲಿ ಭಾಗವಹಿಸಿದ್ದೇವೆ. ಆರರಲ್ಲೂ ಕೊನೆಗೇ ಬಂದಿದ್ದೇವೆ.

(ನಾನು ಸೇರುವ ಮೊದಲೂ ಕೊನೆಗೇ ಬರುತ್ತಿದ್ದರಂತೆ. ಪೂರ್ತಿ ಹೊಣೆ ನನ್ನ ತಲೆಗೆ ಕಟ್ಟಬಾರದೆಂದು ಈಗಲೇ ಹೇಳಿಬಿಡುತ್ತೇನೆ.)

ದೋಣಿ ಕ್ಲಬ್ ಎಂದ ಕೂಡಲೇ ನೀವು ಬಿಳಿ ಪ್ಯಾಂಟು, ಕೈಯಲ್ಲಿ ಗ್ಲಾಸು, ಹಿಂದೆ ಸಂಗೀತ ಎಂದೆಲ್ಲ ಊಹಿಸಿಕೊಳ್ಳಬೇಡಿ. ಯೋಕೋಹಾಮಾದ ದಕ್ಷಿಣದ ಅಂಚಿನಲ್ಲಿ ಒಂದು ಪುಟ್ಟ ಕೊಲ್ಲಿ. ಒಂದು ಕಡೆ ಹೈವೇ, ಇನ್ನೊಂದು ಕಡೆ ಕಾರ್ಖಾನೆಯ ಕ್ರೇನುಗಳು. ನಡುವೆ ಉಳಿದ ನೀರು ನಮ್ಮದು. ದಡದಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಎರಡು ದೋಣಿ. ಒಂದು ತೇಲುತ್ತದೆ. ಇನ್ನೊಂದು ರಿಪೇರಿಯಲ್ಲಿದೆ. ಯಾವಾಗಲೂ.

ನಾನೇಕೆ ಸೇರಿದೆ? ವಾರವಿಡೀ ಟೋಕಿಯೋಗೆ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುವವನು ನಾನು. ಕೂತು ಪ್ರಯಾಣ ಮಾಡಲು ಈ ದೇಶದಲ್ಲಿ ನನಗೆ ಸಿಕ್ಕಿದ ವಾಹನ ಇದೊಂದೇ.

ನಮ್ಮ ದೋಣಿಯಲ್ಲಿ ನಾಲ್ವರು ಹುಟ್ಟು ಹಾಕುತ್ತಾರೆ. ಐದನೆಯವನು ಹಿಂಬದಿಯಲ್ಲಿ ಕೂತು ಚುಕ್ಕಾಣಿ ಹಿಡಿದು ಲೆಕ್ಕ ಕೂಗುತ್ತಾನೆ. ಅವನಿಗೆ ಕಾಕ್ಸ್ ಎನ್ನುತ್ತಾರೆ. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಹುಟ್ಟು ಹಾಕುವ ನಾಲ್ವರೂ ಗುರಿಯ ಕಡೆಗೆ ಬೆನ್ನು ಹಾಕಿ ಕೂತಿರುತ್ತಾರೆ. ದೋಣಿ ಎಲ್ಲಿಗೆ ಹೋಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ, ಎಲ್ಲಿಂದ ಬಂತು ಎಂಬುದಷ್ಟೇ ಕಾಣುತ್ತದೆ. (ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.) ಹೋಗುವ ದಿಕ್ಕು ಕಾಣುವುದು ಕಾಕ್ಸ್ ಒಬ್ಬನಿಗೆ. ಅವನ ಎದುರಿಗೇ ಮುಖಕ್ಕೆ ಮುಖ ಕೊಟ್ಟು ಕೂತವರು ಮೊದಲ ಹುಟ್ಟಿನವರು. ಅವರ ಕೈ ಹೇಗೆ ಆಡುತ್ತದೋ ಹಾಗೆ ಹಿಂದಿನ ಮೂವರ ಕೈ ಆಡಬೇಕು.

ನಮ್ಮ ಮೊದಲ ಹುಟ್ಟು ಒಗಾವಾ ಸಾನ್ (ಸಾನ್ ಎಂದರೆ ಹೆಸರಿನ ಮುಂದೆ ನಾವು ಸೇರಿಸುವ ‘ಅವರು’ ಇದ್ದ ಹಾಗೆ). ಎಪ್ಪತ್ತಾರು ವರ್ಷ. ಕ್ಲಬ್ಬು ಹುಟ್ಟಿದಾಗಿನಿಂದ ಇದ್ದಾರೆ. ಅದಕ್ಕೂ ಮುಂಚೆ ಇದೇ ಕೊಲ್ಲಿಯಲ್ಲಿ ನೋರಿ ಬೆಳೆಯುತ್ತಿದ್ದರು. ನೋರಿ ಎಂದರೆ ಕಡಲ ಪಾಚಿ. ನೀರಿನಲ್ಲಿ ಬಲೆ ಕಟ್ಟಿ ಬೆಳೆಸಿ, ಕಾಗದದ ಹಾಗೆ ಒಣಗಿಸಿ, ಅನ್ನಕ್ಕೆ ಸುತ್ತಿ ತಿನ್ನುತ್ತಾರೆ. ಅವರ ಹಿಂದೆ ಕೂರುವವರು ಕಿತಾನೊ ಸಾನ್, ನಿವೃತ್ತ ಹೆಡ್‌ಮಿಸ್ಟ್ರೆಸ್, ಕ್ಲಬ್ಬಿನ ಅಧ್ಯಕ್ಷೆ. ಅವರ ಹಿಂದೆ ಅಂಚೆ ಕಚೇರಿಯ ಹಯಾಶಿ ಸಾನ್. ಕಟ್ಟಕಡೆಗೆ ಆರು ವರ್ಷ ನಾನು.

ಈ ವಸಂತದಲ್ಲಿ ನಮ್ಮ ಕಾಕ್ಸ್‌ಗೆ ನಗೋಯಾಕ್ಕೆ ವರ್ಗವಾಯಿತು. ಕಿತಾನೊ ಸಾನ್ ನನ್ನನ್ನು ಪಕ್ಕಕ್ಕೆ ಕರೆದು, ಕಾಕ್ಸ್ ಜಾಗಕ್ಕೆ ಬುದ್ಧಿ ಇರುವವರು ಬೇಕು, ದಯವಿಟ್ಟು ನೀವು ಒಪ್ಪಿಕೊಳ್ಳಬೇಕು ಎಂದು ಸೊಂಟ ಬಗ್ಗಿಸಿ ಕೇಳಿದರು. ನಾನು ಉಬ್ಬಿಹೋದೆ. ನನ್ನ ಹುಟ್ಟು ನನ್ನ ಹೆಂಡತಿ ಸುಧಾಳ ಕೈಗೆ ಹೋಯಿತು. ಆ ಬೆಳಗ್ಗೆಯೇ ದೋಣಿಯ ವೇಗ ಹೆಚ್ಚಿತು. ಯಾರೂ ಏನೂ ಹೇಳಲಿಲ್ಲ, ಜಪಾನೀಯರು ಸಭ್ಯರು. ಸುಧಾ ಹೇಳಿದಳು.

"ಆರು ವರ್ಷ ನಿಮ್ಮನ್ನ ಲಗೇಜ್ ತರ ಹೊತ್ಕೊಂಡು ತಿರುಗಿದಾರೆ ಕಣ್ರೀ ಪಾಪ."

ಇನ್ನು ಭಾನುವಾರದ ತಪ್ಪೊಪ್ಪಿಗೆಯ ವಿಷಯ. ಇದಕ್ಕೆ ಇಲ್ಲಿ ಹಾನ್ಸೇಕಾಯ್ ಎನ್ನುತ್ತಾರೆ, ಆತ್ಮವಿಮರ್ಶೆಯ ಸಭೆ. ಶಾಲೆಯಲ್ಲಿ, ಆಫೀಸಿನಲ್ಲಿ, ಪಿಕ್ನಿಕ್ಕಿನ ಕೊನೆಗೆ ಕೂಡ ನಡೆಯುತ್ತದೆ. ನಮ್ಮಲ್ಲಿ ದೋಣಿಗೆ ಸಿಹಿನೀರು ಹಾಕಿ ತೊಳೆದು ಒರೆಸಿದ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಣ್ಯ ಹಾಕುವ ಮೆಷಿನ್ನಿನಿಂದ ತಂದ ಟೀ ಡಬ್ಬಿ ಹಿಡಿದು ಸುತ್ತ ಕೂರುತ್ತೇವೆ. ಒಬ್ಬೊಬ್ಬರೇ ಎದ್ದು ತಾವು ಏನು ತಪ್ಪು ಮಾಡಿದೆವು ಎಂದು ಹೇಳಬೇಕು. ಕಿತಾನೊ ಸಾನ್ ಅದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಾರೆ. "ನನ್ನ ಹುಟ್ಟು ತಡವಾಯಿತು." "ಇಲ್ಲ, ನನ್ನದೇ ತಡವಾಯಿತು." "ಛೆ, ಇಬ್ಬರದೂ ಸರಿಯಾಗಿತ್ತು, ನಾನೇ ಬೇಗ ಹಾಕಿದೆ." ತಪ್ಪಿಗಾಗಿ ಇಷ್ಟು ಪೈಪೋಟಿ ನಾನು ಬೇರೆಲ್ಲೂ ಕಂಡಿಲ್ಲ. ಇದರ ಅರ್ಧದಷ್ಟು ಪೈಪೋಟಿ ನೀರಿನ ಮೇಲೆ ತೋರಿಸಿದ್ದರೂ ಸಾಕಿತ್ತು.

ನಿಯಮ ಒಂದೇ. ಇನ್ನೊಬ್ಬರ ತಪ್ಪನ್ನು ಹೇಳುವಂತಿಲ್ಲ.

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಮೊದಲ ವರ್ಷ ಈ ನಿಯಮ ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ಅಂಕಿಗಳ ಟೇಬಲ್ ಸಮೇತ ತೋರಿಸಿದೆ, ಹಯಾಶಿ ಸಾನ್ ಹುಟ್ಟು ಪ್ರತಿ ಸಲವೂ ಅರ್ಧ ಕ್ಷಣ ತಡ ಎಂದು. ಹಯಾಶಿ ಸಾನ್ ಎದ್ದು ನಾಲ್ಕು ಸಲ ಬಗ್ಗಿ ಕ್ಷಮೆ ಕೇಳಿದರು. ಆಮೇಲೆ ಮೂರು ತಿಂಗಳು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ನಾನೇ ಅಂಚೆ ಕಚೇರಿಗೆ ಹೋಗಿ, ಕಾರಣವಿಲ್ಲದೆ ಬೆಂಗಳೂರಿಗೆ ಎರಡು ಪಾರ್ಸೆಲ್ ಕಳಿಸಿ, ಕೌಂಟರಿನಲ್ಲಿ ಅವರ ಮನವೊಲಿಸಬೇಕಾಯಿತು. ಅಂದಿನಿಂದ ನನ್ನ ಟೇಬಲ್ಲು ನನ್ನ ಲ್ಯಾಪ್‌ಟಾಪಿನಲ್ಲೇ ಇದೆ.

ಹೀಗಿರಲಾಗಿ, ಈ ಬೇಸಿಗೆಯಲ್ಲಿ ಒಗಾವಾ ಸಾನ್ ಒಂದು ಸುದ್ದಿ ಹೇಳಿದರು. ಬಲಭುಜ ಸವೆದಿದೆ. ಇದೊಂದು ಸ್ಪರ್ಧೆ ಮುಗಿಸಿ ಹುಟ್ಟು ಕೆಳಗಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹೇಳಿದ್ದು ಸಭೆಯಲ್ಲಲ್ಲ, ಹುಟ್ಟು ಒರೆಸುತ್ತಾ ನನಗೊಬ್ಬನಿಗೆ. ನಾನು, ಗೆಲ್ಲೋಣ ಬಿಡಿ ಎಂದೆ. ಅವರು ನಕ್ಕರು.

"ಗೆಲ್ಲುವುದೆಲ್ಲ ಬೇಡ. ನಾವು ಹಿಂದಕ್ಕೆ ಮುಖ ಮಾಡಿ ಕೂರುವವರು, ಅಲ್ಲವೆ? ಮುಂದಿರುವ ದೋಣಿಯವರಿಗೆ ಹಿಂದಿನ ದೋಣಿ ಕಾಣುತ್ತದೆ. ನನಗೆ ಇಷ್ಟು ವರ್ಷವೂ ಕಂಡಿದ್ದು ಖಾಲಿ ನೀರು. ಒಂದೇ ಒಂದು ಸಲ, ಒಂದು ದೋಣಿಯ ಮೂತಿ ನೋಡಬೇಕು."

ನಾನು ಒರೆಸಿದ ಹುಟ್ಟನ್ನೇ ಮತ್ತೆ ಒರೆಸಿದೆ. ಇಷ್ಟು ಸಣ್ಣ ಆಸೆ ಈಡೇರದಿದ್ದರೆ ಅದಕ್ಕೆ ಯಾರನ್ನು ದೂರುವುದು?

ಅಲ್ಲೇ ತೊಡಕು. ದೂರಬೇಕಾದವರು ಯಾರೆಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಕಾಕ್ಸ್ ಜಾಗದಲ್ಲಿ ಕೂತರೆ ಒಗಾವಾ ಸಾನ್ ಮೊಣಕಾಲಿಗೂ ನನ್ನ ಮೊಣಕಾಲಿಗೂ ಒಂದು ಗೇಣು ಅಂತರ. (ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಸುಧಾಳ ಮುಖವನ್ನೂ ನಾನು ಇಷ್ಟು ಹೊತ್ತು ಒಂದೇ ಸಮ ನೋಡಿದ್ದಿಲ್ಲ.) ನಾವು ಒಂಟಿಯಾಗಿ ಹೋಗುವಾಗ ಅವರ ಎಳೆತ ಗಡಿಯಾರದ ಹಾಗೆ. ಆದರೆ ಬೇರೆ ದೋಣಿಯೊಂದು ಪಕ್ಕಕ್ಕೆ ಬಂತೋ, ಅವರ ಬೆರಳು ಸಡಿಲವಾಗುತ್ತಿತ್ತು. ಎರಡು ಎಳೆತ, ಮೂರು ಎಳೆತ, ಮೆಲ್ಲಗೆ. ಹಿಂದಿನ ಮೂವರೂ ಶಿಸ್ತಾಗಿ ಅವರನ್ನೇ ಅನುಸರಿಸಿ ಮೆಲ್ಲಗಾಗುತ್ತಿದ್ದರು. ಪಕ್ಕದ ದೋಣಿ ಮುಂದೆ ಹೋದ ಮೇಲೆ ಮತ್ತೆ ಗಡಿಯಾರ.

ಮೊದಲು ಭುಜದ ನೋವು ಎಂದುಕೊಂಡೆ. ಐದು ಭಾನುವಾರ ಗಮನಿಸಿದೆ. ದೋಣಿ ಪಕ್ಕಕ್ಕೆ ಬಂದರೆ ನೋವು, ಬಾರದಿದ್ದರೆ ಇಲ್ಲ. ಇಂಥ ಭುಜ ವೈದ್ಯಶಾಸ್ತ್ರದಲ್ಲಿ ಇರಲಾರದು.

ಒಂದು ದಿನ ದೋಣಿ ತೊಳೆಯುವಾಗ ಒಗಾವಾ ಸಾನ್ ಹತ್ತಿರ ಹಳೆಯ ಕಾಲದ ಮಾತೆತ್ತಿದೆ. ನೋರಿಯ ಕೆಲಸವೆಲ್ಲ ಚಳಿಗಾಲದಲ್ಲಿ. ಜನ ಚಿಕ್ಕ ದೋಣಿಗಳಿಂದ ಮೈಯೆಲ್ಲ ಹೊರಗೆ ಬಾಗಿಸಿ ಬಲೆ ಎತ್ತುತ್ತಿರುತ್ತಾರೆ. ಆಗ ಪಕ್ಕದಲ್ಲಿ ಯಾರಾದರೂ ಜೋರಾಗಿ ಹೋದರೆ ಆ ಅಲೆಗೆ ದೋಣಿ ಹೊಯ್ದಾಡಿ ಮನುಷ್ಯ ಮಂಜಿನಂಥ ನೀರಿಗೆ ಬೀಳುತ್ತಾನೆ. ಆದ್ದರಿಂದ ಇನ್ನೊಂದು ದೋಣಿ ಹತ್ತಿರವಾದರೆ ಕೈ ಸಡಿಲ ಬಿಡುವುದು ಕೊಲ್ಲಿಯ ರೂಢಿ. "ಅಲೆ ಎಬ್ಬಿಸಿ ಹೋದವನ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ" ಎಂದರು ಒಗಾವಾ ಸಾನ್, ಹೆಮ್ಮೆಯಿಂದ.

ನಲವತ್ತು ವರ್ಷ ಕೈಗೆ ಕಲಿಸಿದ ಸಭ್ಯತೆ. ಸ್ಪರ್ಧೆಯ ದಿನವೂ ಕೈ ಅದನ್ನೇ ಮಾಡುತ್ತಿದೆ. ಅವರಿಗೆ ಅದರ ಅರಿವೇ ಇಲ್ಲ. ನೋಟ್‌ಬುಕ್ಕುಗಳ ತುಂಬ ಬೇರೆಲ್ಲ ತಪ್ಪುಗಳಿವೆ. ಇದೊಂದಿಲ್ಲ. ಹಳೆಯ ಕಾಕ್ಸ್‌ಗೆ ಕಂಡಿರಲಿಲ್ಲವೆ? ಖಂಡಿತ ಕಂಡಿರುತ್ತದೆ. ಆತ ಸಭ್ಯ ಮನುಷ್ಯ. ನಗೋಯಾಕ್ಕೆ ಹೋದ.

ರಾತ್ರಿಯ ಊಟಕ್ಕೆ ಕೂತಾಗ ಸುಧಾಗೆ ಹೇಳಿದೆ. ಅವಳಿಗೆ ಇದೊಂದು ಸಮಸ್ಯೆ ಎಂದೇ ಅನಿಸಲಿಲ್ಲ.

"ಹೇಳ್ಬಿಡಿ, ಅಷ್ಟೇ ತಾನೆ."

"ಏನಂತ ಹೇಳ್ಲಿ? ಇಷ್ಟು ವರ್ಷ ನಾವು ಸೋತಿದ್ದು ನಿಮ್ಮಿಂದ, ಈಗ ರಿಟೈರ್ ಆಗಿ ಅಂತಲಾ?"

"ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಪಾರ್ಕಿಂಗ್ ವಿಷ್ಯಕ್ಕೆ ಸೆಕ್ರೆಟರಿನ ಅಳಿಸಿದ ಮನುಷ್ಯ ನೀವು. ಆ ಬಾಯಿ ಎಲ್ಲಿ ಹೋಯ್ತು?"

ನ್ಯಾಯವಾದ ಪ್ರಶ್ನೆ. ಹನ್ನೊಂದು ವರ್ಷ ಈ ದೇಶದಲ್ಲಿದ್ದು ಆ ಬಾಯಿ ಸವೆದಿದೆ. ಈಗ ನಾನು ಬೀದಿಯ ಅಂಗಡಿಯ ತಾನಾಗಿ ತೆರೆಯುವ ಬಾಗಿಲಿಗೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುತ್ತೇನೆ. ಹೇಳದಿದ್ದರೆ ಒಗಾವಾ ಸಾನ್ ಮತ್ತೆ ಖಾಲಿ ನೀರು ನೋಡುತ್ತಾ ಮನೆಗೆ ಹೋಗುತ್ತಾರೆ. ಹೇಳಿದರೆ ಸ್ಪರ್ಧೆಗೇ ಬರುವುದಿಲ್ಲ. ಹಯಾಶಿ ಸಾನ್‌ಗೆ ಮೂರು ತಿಂಗಳು ಹಿಡಿದಿತ್ತು. ನಮ್ಮ ಕೈಯಲ್ಲಿದ್ದದ್ದು ಒಂದು ವಾರ.

ಕೊನೆಗೆ ಹೊಳೆದದ್ದು ಇಷ್ಟು. ಇನ್ನೊಬ್ಬರ ತಪ್ಪನ್ನು ಹೇಳುವಂತಿಲ್ಲ, ಸರಿ. ಅದನ್ನು ನನ್ನದೇ ಮಾಡಿಕೊಂಡರೆ?

ಸ್ಪರ್ಧೆಗೆ ಮುಂಚಿನ ಭಾನುವಾರ ನನ್ನ ಸರದಿ ಬಂದಾಗ ಎದ್ದು ನಿಂತೆ. ಬಾಯಿಪಾಠ ಮಾಡಿಕೊಂಡಿದ್ದೆ. ನಾನು ಕಾಕ್ಸ್ ಆಗಲು ಯೋಗ್ಯನಲ್ಲ ಎಂದೆ. ಬೇರೆ ದೋಣಿ ಪಕ್ಕಕ್ಕೆ ಬಂದರೆ ನನಗೆ ಅವರ ಮೇಲೆ ಅಲೆ ಹಾಯಿಸಬಾರದು ಅನಿಸುತ್ತದೆ, ದಾರಿ ಬಿಡೋಣ ಅನಿಸುತ್ತದೆ, ಆಗ ನನ್ನ ಕೈ ಸಡಿಲವಾಗುತ್ತದೆ, ಅದರಿಂದ ಇಡೀ ದೋಣಿ ನಿಧಾನವಾಗುತ್ತದೆ. ಸೋಲಿಗೆಲ್ಲ ನಾನೇ ಕಾರಣ. ಬಗ್ಗಿದೆ.

ಒಳ್ಳೆಯ ಭಾಷಣ. ಒಂದೇ ತೂತು. ಆ ತೂತನ್ನು ಹಯಾಶಿ ಸಾನ್ ಪತ್ತೆ ಮಾಡಿದರು. ಅಂಚೆಯವರ ಕಣ್ಣು ವಿಳಾಸ ತಪ್ಪಿದ ಲಕೋಟೆಯನ್ನು ಬಿಡುವುದಿಲ್ಲ.

"ಆದರೆ ಕಾಕ್ಸ್ ಕೈಯಲ್ಲಿ ಹುಟ್ಟೇ ಇರುವುದಿಲ್ಲವಲ್ಲ" ಎಂದರು, ಸಮಾಧಾನಪಡಿಸುವ ದನಿಯಲ್ಲಿ. "ಕೈ ಸಡಿಲವಾದರೆ ದೋಣಿಗೇನು?"

ಕಿತಾನೊ ಸಾನ್ ಪೆನ್ನು ನಿಂತಿತು. ನನ್ನ ಬಾಯಿಪಾಠ ಅಲ್ಲಿಗೇ ಮುಗಿದಿತ್ತು. ಮನಸ್ಸಿನಲ್ಲಿ ಸಡಿಲವಾಗುತ್ತದೆ ಎಂದು ತೊದಲಿದೆ. ಸುಧಾ ಟೀ ಡಬ್ಬಿಯ ಮೇಲಿನ ಅಕ್ಷರಗಳನ್ನು ಶ್ರದ್ಧೆಯಿಂದ ಓದತೊಡಗಿದಳು. (ಅವಳಿಗೆ ಜಪಾನೀ ಓದಲು ಬರುವುದಿಲ್ಲ.)

ಒಗಾವಾ ಸಾನ್ ತಮ್ಮ ಎರಡು ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡಿಕೊಂಡರು. ಬೆರಳು ಮಡಿಸಿದರು, ಬಿಚ್ಚಿದರು. ಅವರ ಸರದಿ ಬಂದಾಗ, ಇವತ್ತು ನನಗೆ ಹೇಳಲು ಏನೂ ಇಲ್ಲ, ಕ್ಷಮಿಸಿ ಎಂದು ಕೂತುಬಿಟ್ಟರು. ಕ್ಲಬ್ಬಿನ ಇತಿಹಾಸದಲ್ಲಿ ತಪ್ಪಿಲ್ಲದೆ ಕಳೆದ ಮೊದಲ ಸರದಿ ಅದು.

ಬುಧವಾರದ ಅಭ್ಯಾಸಕ್ಕೆ ಅವರು ಬರಲಿಲ್ಲ. ಫೋನ್ ಇಲ್ಲ, ಮೆಸೇಜ್ ಇಲ್ಲ. ಸುಧಾ ಅವತ್ತು ನಾನು ಕೇಳದೆಯೇ ಕಾಫಿ ಮಾಡಿಕೊಟ್ಟಳು. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು.

ಕಳೆದ ಭಾನುವಾರ, ಸ್ಪರ್ಧೆಯ ಬೆಳಗ್ಗೆ, ನಾವು ಒಂದು ಗಂಟೆ ಮುಂಚೆಯೇ ಹೋದೆವು. ಶೆಡ್ಡಿನ ಬಾಗಿಲು ಆಗಲೇ ತೆರೆದಿತ್ತು. ಒಗಾವಾ ಸಾನ್ ದೋಣಿಯ ಅಡಿ ಒರೆಸುತ್ತಿದ್ದರು. ಬುಧವಾರ ಬರಲಾಗಲಿಲ್ಲ, ಯೋಚನೆ ಮಾಡುತ್ತಿದ್ದೆ ಎಂದರಷ್ಟೆ. ಏನು ಯೋಚನೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಐನೂರು ಮೀಟರಿನ ಸ್ಪರ್ಧೆ. ಅಕ್ಕಪಕ್ಕದ ಕೊಲ್ಲಿಗಳ ತಂಡಗಳು. ನಮ್ಮ ಎಡಕ್ಕೆ ದಂತವೈದ್ಯರ ತಂಡ. ಪ್ರತಿ ವರ್ಷ ನಮಗಿಂತ ಒಂದು ಸ್ಥಾನ ಮುಂದೆ ಬರುವವರು ಇವರೇ. ಒಳ್ಳೆಯ ಜನ. ಸ್ಪರ್ಧೆಗೆ ಮುಂಚೆ ಬಂದು ನಮಸ್ಕಾರ ಹೇಳಿ, ಈ ವರ್ಷವೂ ದಯೆಯಿರಲಿ ಎಂದು ಬಗ್ಗಿ ಹೋದರು. ನಮ್ಮ ದಯೆಯ ಅಗತ್ಯ ಅವರಿಗೆ ಎಂದೂ ಬಿದ್ದದ್ದಿಲ್ಲ.

ಪಿಸ್ತೂಲು ಸಿಡಿಯಿತು. ಮೊದಲ ಇನ್ನೂರು ಮೀಟರಿಗೇ ಉಳಿದ ನಾಲ್ಕು ದೋಣಿಗಳು ತಮ್ಮ ಪಾಡಿಗೆ ತಾವು ಹೊರಟುಹೋದವು. ಉಳಿದದ್ದು ನಾವು, ದಂತವೈದ್ಯರು. ನಾವು ತುಸು ಹಿಂದೆ. ಸುಧಾ ಹಲ್ಲು ಕಚ್ಚಿ ಎಳೆಯುತ್ತಿದ್ದಳು. ಮುನ್ನೂರರ ಗುರುತಿನ ಹತ್ತಿರ ಎರಡೂ ದೋಣಿ ಸಮಸಮ. ನೀರಿನ ಹನಿ ಅವರಿಂದ ನಮಗೆ, ನಮ್ಮಿಂದ ಅವರಿಗೆ.

ನಾನು ದಾರಿ ನೋಡಬೇಕಿತ್ತು. ಬೆರಳು ನೋಡಿದೆ.

ಬೆರಳು ಸಡಿಲವಾಗತೊಡಗಿತ್ತು. ಒಗಾವಾ ಸಾನ್ ಕಣ್ಣು ಮೆಲ್ಲಗೆ ಪಕ್ಕದ ದೋಣಿಯ ಕಡೆ ಹೊರಳಿತು. ಆಗ ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು. ಕತ್ತನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ನೋರಿ ದೋಣಿಗಳ ಕಾಲದ ದೊಡ್ಡ ದನಿಯಲ್ಲಿ, ಕೊಲ್ಲಿಯ ಆಚೆ ದಡಕ್ಕೂ ಕೇಳುವಂತೆ ಹೇಳಿದರು.

"ಸುಮಿಮಾಸೆನ್."

ಹೇಳಿ ಎಳೆದರು. ಅಂಥ ಎಳೆತವನ್ನು ನಾನು ಆರು ವರ್ಷದಲ್ಲಿ ನೋಡಿರಲಿಲ್ಲ. ಮೊದಲ ಹುಟ್ಟು ಏನು ಮಾಡಿದರೂ ಹಾಗೇ ಮಾಡಬೇಕೆಂಬ ಶಿಸ್ತು ನಮ್ಮವರದು. ಕಿತಾನೊ ಸಾನ್, ಹಯಾಶಿ ಸಾನ್, ಸುಧಾ, ಮೂವರೂ ಒಂದೇ ಉಸಿರಿನಲ್ಲಿ ಸುಮಿಮಾಸೆನ್ ಎಂದು ಕೂಗಿ ಎಳೆದರು.

ಒಬ್ಬ ಜಪಾನೀಯನಿಗೆ ನೀವು ಇಷ್ಟು ಮನಃಪೂರ್ವಕವಾಗಿ ಕ್ಷಮೆ ಕೇಳಿದರೆ ಅವನು ಸುಮ್ಮನಿರಲು ಸಾಧ್ಯವೆ? ನಾಲ್ವರು ದಂತವೈದ್ಯರೂ ತಮ್ಮ ಕಾಕ್ಸ್ ಸಮೇತ ನಮ್ಮ ಕಡೆ ತಿರುಗಿ, ಪರವಾಗಿಲ್ಲ, ಪರವಾಗಿಲ್ಲ ಎಂದು ತಲೆ ಬಗ್ಗಿಸಿದರು. ಹುಟ್ಟು ಹಾಕುತ್ತಾ ತಲೆ ಬಗ್ಗಿಸುವುದು ಕಷ್ಟದ ವಿದ್ಯೆ. ಒಬ್ಬರ ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡಿತು. ಅವರ ಹಿಂದಿನವರು ಅದಕ್ಕೆ ಕ್ಷಮೆ ಕೇಳಿದರು.

ಬೆಂಗಳೂರಿನ ರಸ್ತೆಗಳಲ್ಲಿ ನಾನು ಕಲಿತದ್ದು ಯಾರಿಗೂ ಏನೂ ಹೇಳದೆ ನುಗ್ಗುವುದು. ಇಲ್ಲಿ ಕಲಿತದ್ದು ಕ್ಷಮೆ ಕೇಳಿ ನಿಂತುಬಿಡುವುದು. ಇವೆರಡರಾಚೆ ಮೂರನೆಯದೊಂದು ಇದೆ ಎಂಬುದನ್ನು ಎಪ್ಪತ್ತಾರರ ಒಬ್ಬ ಪಾಚಿ ಬೆಳೆಗಾರ, ಸವೆದ ಭುಜದಲ್ಲಿ, ಒಂದು ಬುಧವಾರ ಮನೆಯಲ್ಲಿ ಕೂತು ಯೋಚಿಸಿ ಕಂಡುಹಿಡಿದಿದ್ದರು. ನಾವು ದಿನಕ್ಕೆ ಎಷ್ಟು ಸಲ ದಾರಿ ಬಿಡುತ್ತೇವೆ, ಬಿಡದವರನ್ನು ಎಷ್ಟು ಸಲ ಬೈಯುತ್ತೇವೆ. ಮರ್ಯಾದೆಯಿಂದ ಹೇಳಿ ಮುಂದೆ ಹೋಗಬಹುದು ಎಂಬುದು ಯಾಕೆ ಹೊಳೆಯುವುದಿಲ್ಲ?

ಕಾಕ್ಸ್ ಆದವನು ಹಿಂದಕ್ಕೆ ತಿರುಗಿ ನೋಡಬಾರದು, ದೋಣಿ ಓಲಾಡುತ್ತದೆ. ನಾನು ಒಗಾವಾ ಸಾನ್ ಮುಖವನ್ನೇ ನೋಡಿದೆ. ಅವರು ನನ್ನ ಹೆಗಲ ಮೇಲಿಂದ ಹಿಂದಿನ ನೀರನ್ನು ನೋಡುತ್ತಿದ್ದರು. ಬಾಯಿ ತುಸು ತೆರೆದಿತ್ತು. ಎಳೆಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

"ಅವರ ದೋಣಿಯ ಮೂತಿಗೆ ನೀಲಿ ಪಟ್ಟೆ ಇದೆ" ಎಂದರು ಏದುಸಿರಿನ ನಡುವೆ. "ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ."

ಲೆಕ್ಕ ಎಲ್ಲಿಗೆ ಬಂದಿತ್ತೋ ನನಗೆ ಮರೆತುಹೋಯಿತು. ಬಾಯಿಗೆ ಬಂದ ಸಂಖ್ಯೆಗಳನ್ನೆಲ್ಲ ಕೂಗಿದೆ, ಕೆಲವು ಕನ್ನಡದಲ್ಲಿ. ಯಾರೂ ತಪ್ಪು ಹಿಡಿಯಲಿಲ್ಲ.

ದಡಕ್ಕೆ ಬಂದು ದೋಣಿ ತೊಳೆದು ನೀಲಿ ಹಾಳೆ ಹಾಸಿದೆವು. ಹಾನ್ಸೇಕಾಯ್ ತಪ್ಪಿಸುವಂತಿಲ್ಲ. ನಾನು ಲೆಕ್ಕ ತಪ್ಪಿದ್ದಕ್ಕೆ, ಹಯಾಶಿ ಸಾನ್ ಹುಟ್ಟು ತಡವಾದದ್ದಕ್ಕೆ, ಸುಧಾ ತನ್ನ ಉಚ್ಚಾರಣೆಗೆ ಕ್ಷಮೆ ಕೇಳಿದೆವು. ಒಗಾವಾ ಸಾನ್ ಎದ್ದು ನಿಂತು, ದಂತವೈದ್ಯರಿಗೆ ಅಲೆಯಿಂದ ಬಹಳ ತೊಂದರೆ ಕೊಟ್ಟೆ, ತಪ್ಪೆಲ್ಲ ನನ್ನದು ಎಂದರು. ಇಷ್ಟು ಖುಷಿಯಿಂದ ತಪ್ಪೊಪ್ಪಿಕೊಂಡವರನ್ನು ನಾನು ನೋಡಿಲ್ಲ. ಕಿತಾನೊ ಸಾನ್ ಎಲ್ಲವನ್ನೂ ದುಂಡಗೆ ಬರೆದುಕೊಂಡರು. ಬರೆದು ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ಕಡಲ ಗಾಳಿಗೆ ಗಾಜು ಮಸುಕಾಗುತ್ತದೆಯಂತೆ.

ಸಂಜೆ ನಾಲ್ಕಕ್ಕೆ ಸಂಘಟಕರು ಫಲಿತಾಂಶದ ಹಾಳೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿದರು. ಸ್ಪರ್ಧಿಸಿದ ದೋಣಿಗಳು ಆರು. ನಮ್ಮದು ಐದನೆಯ ಸ್ಥಾನ.